ಬ್ಯಾಡಗಿಯವರು ಹಸಿರು ಹಿಡಿಯುವುದಿಲ್ಲ

'ಬಣ್ಣದ ಭಾಗ್ಯ' ಎಂಬ ಮೊಬೈಲ್ ಆಟದ ಯಜಮಾನರಿಗೆ, ಅವರ ಹೆಸರು, ಊರು, ಓಣಿ ಯಾವುದೂ ಗೊತ್ತಿಲ್ಲದ ಕಾರಣ ಎಲ್ಲರೂ ಓದುವಂತೆ ಬರೆದದ್ದು.

ಮಾನ್ಯರೇ,

ಬ್ಯಾಡಗಿ ಸ್ಟೇಷನ್ನಿನ ಹಿಂದಿನ ಓಣಿಯಿಂದ ಪ್ರೇಮವ್ವ ಮಾಡುವ ಶರಣು ಶರಣಾರ್ಥಿಗಳನ್ನು ಮೊದಲು ಸ್ವೀಕರಿಸಬೇಕು. ಇತ್ತ ನಾವು ಶಿವನ ದಯದಿಂದ ಕ್ಷೇಮವಾಗಿದ್ದೇವೆ. ಅತ್ತ ತಾವು ನಮ್ಮ ಮಕ್ಕಳ ದಯದಿಂದ ನಮಗಿಂತ ಹೆಚ್ಚು ಕ್ಷೇಮವಾಗಿದ್ದೀರೆಂದು ತಿಳಿದುಬಂದಿದೆ. ತಮ್ಮ ಮನೆಯ ಹಿರಿಯರಿಗೂ ನನ್ನ ನಮಸ್ಕಾರ ತಿಳಿಸಿರಿ.

ನಾನು ಬಹಳ ಕಲಿತವಳಲ್ಲ. ಹಲಗೇರಿಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದ್ದೇನೆ. ಅಲ್ಲಿ ಅರ್ಜಿ ಬರೆಯುವುದನ್ನು ಕಲಿಸಿದ ಗುರುಗಳು, ದೊಡ್ಡವರಿಗೆ ಬರೆಯುವಾಗ ಎಷ್ಟೇ ಸಿಟ್ಟಿದ್ದರೂ ಅದನ್ನು ಚಪ್ಪಲಿ ಬಿಟ್ಟ ಹಾಗೆ ಹೊಸ್ತಿಲ ಹೊರಗೆ ಬಿಟ್ಟು ಒಳಗೆ ಬರಬೇಕು ಎಂದು ಹೇಳಿದ್ದರು. ಅವರ ಮಾತಿನಂತೆ ಬಿಟ್ಟು ಬಂದಿದ್ದೇನೆ. ಚಪ್ಪಲಿ ಬಹಳ ದೂರವೇನೂ ಇಲ್ಲ, ಕೈಗೆ ಎಟಕುವಲ್ಲೇ ಇದೆ ಎಂಬುದನ್ನು ಮಾತ್ರ ತಮ್ಮ ಅವಗಾಹನೆಗೆ ತರುತ್ತೇನೆ.

ನಮ್ಮ ಮನೆಯವರು, ಸೋಮಣ್ಣನವರು, ಇಲ್ಲಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಹಮಾಲಿ ಮಾಡುತ್ತಾರೆ. ನಾನು ಒಂದು ಗೋದಾಮಿನಲ್ಲಿ ಕಾಯಿಯ ತುಂಬು ಬಿಡಿಸುತ್ತೇನೆ. ತುಂಬು ಎಂದರೆ ತೊಟ್ಟು. ಒಣಗಿದ ಕೆಂಪು ಕಾಯಿಯ ರಾಶಿಯ ಸುತ್ತ ಮೂವತ್ತು ಜನ ಹೆಣ್ಣುಮಕ್ಕಳು ಮೂಗಿಗೆ ಸೆರಗು ಕಟ್ಟಿಕೊಂಡು ಕುಳಿತು, ಮುಂಜಾನೆಯಿಂದ ಸಂಜೆಯವರೆಗೆ ಒಂದೊಂದೇ ಕಾಯಿ ಹಿಡಿದು ತೊಟ್ಟು ಮುರಿದು ಹಾಕುವ ಕೆಲಸ. ತಮ್ಮಷ್ಟು ದೊಡ್ಡ ಉದ್ಯೋಗವಲ್ಲ, ನಿಜ. ಆದರೆ ಸಂಜೆ ಸೊಂಟ ಹಿಡಿದುಕೊಂಡು ಏಳುವಾಗ ಇಷ್ಟು ಕಾಯಿ ಇತ್ತು, ಇಷ್ಟು ಕೆಲಸ ಆಯಿತು ಎಂದು ಕಣ್ಣಿಗೆ ಕಾಣುತ್ತದೆ.

ನಮಗೆ ಮಗ ಒಬ್ಬನೇ, ಶಶಿಕಾಂತ. ಹದಿನೇಳು ವರ್ಷ. ಪಿಯುಸಿ ಎರಡನೆಯ ವರ್ಷಕ್ಕೆ ದಿನಾಲು ರೈಲಿನಲ್ಲಿ ರಾಣೆಬೆನ್ನೂರಿಗೆ ಹೋಗಿಬರುತ್ತಾನೆ. ಈ ಹುಡುಗ ಹುಟ್ಟು ಬಾಯಿಬಡುಕ. ಸಂಜೆ ಮನೆಗೆ ಬಂದು ಬೂಟು ಬಿಚ್ಚುವ ಮೊದಲೇ, ಗಾಡಿ ಎಷ್ಟು ತಡವಾಯಿತು, ಯಾವ ಮಾಸ್ತರರು ಯಾರಿಗೆ ಏನೆಂದರು, ಕ್ಯಾಂಟೀನಿನ ಮಿರ್ಚಿ ಭಜಿ ದಿನದಿನಕ್ಕೆ ಹೇಗೆ ಸಣ್ಣದಾಗುತ್ತಿದೆ, ಎಲ್ಲವನ್ನೂ ಒದರಿ, ನಾನು ಒಲೆಯ ಕಡೆ ಮುಖ ಮಾಡಿದ್ದರೆ ಗದ್ದ ಹಿಡಿದು ತನ್ನತ್ತ ತಿರುಗಿಸಿಕೊಂಡು ಮತ್ತೊಮ್ಮೆ ಹೇಳುವವನು. ದಸರೆ ಮುಗಿದ ಮೇಲೆ ಈ ಮಾತು ನಿಂತಿತು. ಬರುತ್ತಾನೆ, ಉಣ್ಣುತ್ತಾನೆ, ಮೊಬೈಲನ್ನು ಬೋರಲು ಹಾಕಿ ತೊಡೆಯ ಪಕ್ಕದಲ್ಲಿ ಇಟ್ಟುಕೊಂಡು ಗೋಡೆ ನೋಡುತ್ತಾನೆ. ಮಾನ್ಯರೇ, ತಮ್ಮ ಮೇಲೆ ನನ್ನ ತಕರಾರು ಇಷ್ಟೇ: ನನ್ನ ಮಗನ ಮಾತು ತಮ್ಮ ಹತ್ತಿರ ಇದೆ, ಅದನ್ನು ವಾಪಸು ಕೊಡಬೇಕು. ಮುಂದೆ ಬರೆಯುವುದೆಲ್ಲ ಇದರ ವಿವರಣೆ.

ತಮ್ಮ ಆಟ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಒಂದು ಮುಂಜಾನೆ, ನಾನು ರೊಟ್ಟಿ ಬಡಿಯುತ್ತಿದ್ದಾಗ. ಅವನು ಬಗಲಲ್ಲಿ ಕುಳಿತು ಚಹಾ ಕುಡಿಯುತ್ತಿದ್ದ. ಮೊಬೈಲಿನಲ್ಲಿ ಒಂದು ಕಡೆ ಕೆಂಪು ಡಬ್ಬಿ, ಒಂದು ಕಡೆ ಹಸಿರು ಡಬ್ಬಿ, ಕೆಳಗೆ ಸಾಲಾಗಿ ನಂಬರು, ಮೇಲೆ ಓಡುವ ಗಡಿಯಾರ. ಏನೋ ಇದು ಎಂದು ಕೇಳಿದೆ. ಅವನು ತಲೆ ಎತ್ತದೆ, "ಟೆಂಡರ್ ಬೇ ಯವ್ವಾ" ಎಂದ.

ಬೇರೆ ಊರಿನ ತಾಯಂದಿರು ಇಲ್ಲಿ ನಕ್ಕಾರು. ನಗಲಿ. ಬ್ಯಾಡಗಿಯಲ್ಲಿ ಇದಕ್ಕಿಂತ ನಂಬುವಂಥ ಮಾತು ಇನ್ನೊಂದಿಲ್ಲ. ನಮ್ಮ ಮಾರುಕಟ್ಟೆಯಲ್ಲಿ ಕಾಯಿಯ ಚೀಲಗಳನ್ನು ಲಾಟ್ ಮಾಡಿ, ಪ್ರತಿಯೊಂದಕ್ಕೂ ನಂಬರು ಕೊಟ್ಟು ಇಡುತ್ತಾರೆ. ವ್ಯಾಪಾರಸ್ಥರು ಬಂದು ಮಾಲು ನೋಡಿ, ಒಬ್ಬರಿಗೊಬ್ಬರು ತಿಳಿಯದಂತೆ ತಮ್ಮ ತಮ್ಮ ದರ ಬರೆಯುತ್ತಾರೆ. ವೇಳೆ ಮುಗಿದ ಮೇಲೆ ಯಾರಿಗೆ ಯಾವ ಲಾಟ್ ಎಂದು ತಿಳಿಯುತ್ತದೆ. ಇದಕ್ಕೇ ನಾವು ಟೆಂಡರ್ ಎನ್ನುವುದು. ನಂಬರು ಇದೆ, ಬಣ್ಣ ಇದೆ, ವೇಳೆ ಇದೆ, ಕೊನೆಗೆ ಫಲಿತಾಂಶವೂ ಇದೆ; ಇನ್ನು ಅದು ಟೆಂಡರ್ ಅಲ್ಲದೆ ಮತ್ತೇನು? ಹಮಾಲನ ಮಗ ಮೊಬೈಲಿನಲ್ಲೇ ವ್ಯಾಪಾರ ಕಲಿಯುತ್ತಿದ್ದಾನೆ ಎಂದು ನನಗೆ ಆದ ಸಂತೋಷದಲ್ಲಿ ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಹೊತ್ತಲಿ ಬಿಡು ಎಂದುಕೊಂಡೆ.

ಆಮೇಲೆ ಅವನು ನಗುತ್ತ, "ನೀನ ಹೇಳು ನೋಡೋಣು, ಕೆಂಪೋ ಹಸರೋ?" ಎಂದ.

"ಹುಚ್ಚಪ್ಪಾ, ಬ್ಯಾಡಗ್ಯಾಗ ಹುಟ್ಟಿ ಹಸರ ಹಿಡಿತಿಯೇನೋ? ಅದು ಕಾಯಿಪಲ್ಲೆ ಸಂತಿ ಮಾಲು. ಕೆಂಪ ಬರಿ" ಎಂದು ನಾನು ಗದರಿಸಿದೆ.

ಕೆಂಪೇ ಬಂತು. ಮರುದಿನ ಕೇಳಿದ, ಕೆಂಪು ಎಂದೆ, ಕೆಂಪು ಬಂತು. ಅದರ ಮರುದಿನವೂ ಬಂತು. ಹೊಸಬರಿಗೆ ಮೊದಲು ನಾಲ್ಕು ದಿನ ಹೀಗೆ ಬೆಲ್ಲ ತಿನ್ನಿಸುವುದು ತಮ್ಮ ಪದ್ಧತಿ ಎಂದು ನನಗೆ ಆಗ ತಿಳಿದಿರಲಿಲ್ಲ. ನಾನು ಅದನ್ನು ಪೂಜೆಯ ಫಲ ಎಂದು ತಿಳಿದೆ.

ಗೋದಾಮಿನಲ್ಲಿ ನನ್ನ ಎದುರಿಗೆ ಕುಳಿತು ತುಂಬು ಬಿಡಿಸುವವಳು ಜುಬೇದಾ, ಆಟೋ ಹೊಡೆಯುವ ಶಮಶೇರಸಾಬರ ಹೆಂಡತಿ. ಅವಳ ಮಗ ಫಿರೋಜ್ ನಮ್ಮ ಶಶಿಯ ಸಂಗಾತಿ, ಅದೇ ಕಾಲೇಜು, ಅದೇ ಗಾಡಿ. ನನ್ನ ಸಂತೋಷ ನನ್ನ ಹೊಟ್ಟೆಯಲ್ಲಿ ನಿಲ್ಲದೆ ಅವಳಿಗೆ ಹೇಳಿದೆ. "ಪ್ರೇಮಕ್ಕಾ, ನಮ್ಮ ಫಿರೋಜಗೂ ಒಂದೀಟ ಹೇಳಬೇ, ಅವನೂ ಯಾಪಾರ ಕಲೀಲಿ" ಎಂದು ಅವಳು ಕೇಳಿಕೊಂಡಳು. ಅಲ್ಲಿಗೆ ಎಂಟು ದಿನದಲ್ಲಿ, ಮುಂಜಾನೆಯ ಗಾಡಿಗೆ ಮುಂಚೆ ನಮ್ಮ ಮನೆಯ ಕಟ್ಟೆಯ ಮುಂದೆ ಆರು ಹುಡುಗರು ಬ್ಯಾಗು ಹಾಕಿಕೊಂಡು ಸಾಲಾಗಿ ನಿಲ್ಲತೊಡಗಿದರು. "ದೊಡ್ಡವ್ವಾ, ಇವತ್ತ ಮಾರ್ಕೆಟ್ ಹೆಂಗೈತಿ?" ಎಂದು ಕೇಳುವರು. ನಾನು ಲಿಂಗಪೂಜೆ ಮುಗಿಸಿ, ಅದೇ ಕೈಯಿಂದ ಬೇಕೆಂದವರ ಹಣೆಗೆ ವಿಭೂತಿ ಹಚ್ಚಿ, ಫಿರೋಜನ ತಲೆಯ ಮೇಲೆ ಕೈಯಿಟ್ಟು, ಮುಗಿಲು ನೋಡಿ, "ಹವಾ ತ್ಯಾವ ಐತಿ, ಇವತ್ತ ಜಾಸ್ತಿ ಬರೀಬ್ಯಾಡ್ರಿ, ಬರದ್ರ ಕೆಂಪ ಬರೀರಿ" ಎಂದು ಗಂಭೀರವಾಗಿ ಹೇಳಿ ಕಳಿಸುತ್ತಿದ್ದೆ. ದೀಪಾವಳಿಗೂ ಇಸ್ಪೀಟು ಮುಟ್ಟದ ಮನೆತನ ನಮ್ಮದು. ಮಾನ್ಯರೇ, ಒಂದು ರೂಪಾಯಿ ಪಗಾರ ಕೊಡದೆ, ಅರ್ಜಿ ಕೂಡ ಕರೆಯದೆ, ತಾವು ನನ್ನನ್ನು ಬ್ಯಾಡಗಿಯ ಏಜೆಂಟ್ ಎಂದು ನೇಮಿಸಿಕೊಂಡ ಜಾಣತನಕ್ಕೆ ನಾನು ಕೈ ಮುಗಿಯುತ್ತೇನೆ.

ಈ ನೌಕರಿ ಹೋದದ್ದು ಒಂದು ಸೋಮವಾರ. ಸೋಮವಾರ ನಮ್ಮಲ್ಲಿ ಟೆಂಡರಿನ ದಿನ. ಮಗ ಇಷ್ಟು ದಿನ ಬರೆದಿದ್ದಾನೆ, ಅವನ ಮೊದಲ ಲಾಟಿಗೆ ಪೂಜೆ ಮಾಡದಿದ್ದರೆ ಹೇಗೆ ಎಂದು ನಾನು ತಾಟಿನಲ್ಲಿ ತೆಂಗಿನಕಾಯಿ, ಊದಿನಕಡ್ಡಿ, ಅರಿಷಿಣ ಕುಂಕುಮ ಇಟ್ಟುಕೊಂಡು, ಹೊಸ ಸೀರೆ ಉಟ್ಟು ಮಾರುಕಟ್ಟೆಗೆ ಹೋದೆ. ನಮ್ಮ ಮನೆಯವರು ಕೆಲಸ ಮಾಡುವ ದಲಾಲಿ ಅಂಗಡಿಯ ಗುಮಾಸ್ತರು ಯೂಸುಫಸಾಬ ಎಂಬ ಹಿರಿಯರು. ನಮ್ಮ ಶಶಿ ಹಿಡಿದ ಲಾಟ್ ಎಲ್ಲಿ ಇಟ್ಟೀರಿ ಎಂದು ಅವರನ್ನು ಕೇಳಿದೆ. ಅವರು ಪಾಪ, ಲೆಕ್ಕದ ವಹಿಯ ಮೇಲೆ ಬೆರಳಾಡಿಸಿ ಎರಡು ಸಲ ಹುಡುಕಿದರು. ಹೆಸರು ಸಿಗದಿದ್ದಾಗ, ಯಾವ ಟೆಂಡರ್, ಹೇಗೆ ಬರೆದ ಎಂದು ಕೇಳಿದರು. ಮೊಬೈಲಿನಲ್ಲಿ ಒಂದು ನಿಮಿಷದಲ್ಲಿ ಕೆಂಪು ಬಂತು ಎಂದು ನಾನು ಹೆಮ್ಮೆಯಿಂದ ಹೇಳಿದೆ. ಅವರು ಚಷ್ಮಾ ತೆಗೆದು ಮೇಜಿನ ಮೇಲೆ ಇಟ್ಟರು.

"ಅಕ್ಕಾರ, ಒಂದು ಮಿನಿಟಿನ್ಯಾಗ ಯಾವ ಟೆಂಡರ್ ಮುಗಿತೈತ್ರಿ? ಅದು ಮಾಲಲ್ಲ, ಜೂಜು. ನಮ್ಮ ಓಣ್ಯಾಗೂ ಹುಡುಗೂರು ಅದನ್ನ ಹಿಡಕೊಂಡ ಕುಂತಾವು" ಎಂದರು.

ಸುತ್ತಲಿನವರು ನಗಲು ಶುರು ಮಾಡಿದರು, ಮಾನ್ಯರೇ. ತಾಟು ಹಿಡಿದ ನನ್ನನ್ನು ನೋಡಿದರೆ ನನಗೇ ನಗು ಬರುವಂತಿತ್ತು. ನಗದೆ ಇದ್ದವರು ನಮ್ಮ ಮನೆಯವರು ಒಬ್ಬರೇ. ಅವರು ಬೆನ್ನ ಮೇಲೆ ಚೀಲ ಹೊತ್ತು ಬರುತ್ತಿದ್ದವರು ಮಾತು ಕೇಳಿ ಅಲ್ಲೇ ನಿಂತರು, ಇಳಿಸುವುದನ್ನೂ ಮರೆತು ನಿಂತರು. ಕೊನೆಗೆ ಯೂಸುಫಸಾಬರೇ, "ಏ ಸೋಮಣ್ಣಾ, ಚೀಲಾನಾದ್ರೂ ಕೆಳಗ ಇಡೋ" ಎಂದು ಕೂಗಬೇಕಾಯಿತು. ತೆಂಗಿನಕಾಯಿಯನ್ನು ಒಡೆಯದೆ ಮನೆಗೆ ತಂದು ಚಟ್ನಿ ಮಾಡಿದೆ. ಮನೆಯವರೂ ಮಗನೂ ಉಂಡು ಎದ್ದರು. ಮರುದಿನ ನಾನೇ ರುಚಿ ನೋಡಿದಾಗ ಉಪ್ಪೇ ಬಿದ್ದಿರಲಿಲ್ಲ.

ಶಶಿಯನ್ನು ಕೇಳಿದೆ. ಅವನು ಮೊಬೈಲನ್ನು ಬೋರಲು ಹಾಕಿ, "ನೀ ಹೇಳಿದ್ದು ಬಂತಲ್ಲಬೇ ಮತ್ತ" ಎಂದಷ್ಟೇ ಹೇಳಿದ. ಆ ಮಾತು ನನಗೆ ನಾಟಿತು. ನನ್ನ ಬಾಯಿಂದ, ಅದೂ ಪೂಜೆಯಿಂದ ಎದ್ದ ಬಾಯಿಂದ ಹೋದದ್ದನ್ನು ನಾನೇ ಕೆಡಿಸಬೇಕು ಎಂದು ನಿಶ್ಚಯ ಮಾಡಿದೆ. ಮರುದಿನ ಮುಂಜಾನೆ ಆರು ಹುಡುಗರ ಮುಂದೆ ನಿಂತು, ಇದು ಜೂಜು, ನನಗೇನೂ ಗೊತ್ತಿಲ್ಲ, ನಾನು ಹೇಳಿದ್ದು ದೇವರ ಮಾತಲ್ಲ ಎಂದೆ. ಅವರು ನಂಬಲಿಲ್ಲ. ದೊಡ್ಡವ್ವ ಈಗ ಮಗನಿಗಷ್ಟೇ ಹೇಳುತ್ತಾಳೆ ಎಂದು ಗುಸುಗುಸು ಮಾಡಿದರು. ಸರಿ, ಇವರ ನಂಬಿಕೆ ಮುರಿಯಲು ತಪ್ಪು ಹೇಳುವುದೊಂದೇ ದಾರಿ ಎಂದು, ಐವತ್ತು ವರ್ಷದಲ್ಲಿ ಮೊದಲ ಸಲ, ನಾಲಿಗೆ ಕಚ್ಚಿಕೊಂಡು, ಹಸಿರು ಎಂದೆ.

ಹಸಿರು ಬಂತು.

ಅದಾದ ಮೇಲೆ ನನ್ನ ಮನೆಯ ಮುಂದೆ ನಮ್ಮ ಶಶಿಯೂ ಸೇರಿ ಹನ್ನೊಂದು ಹುಡುಗರಾದರು. ನಾನು ಮೌನವ್ರತ ಹಿಡಿದೆ. ಅವರು ನನ್ನ ಬಳೆ ನೋಡಿದರು. ಹಸಿರು ಗಾಜಿನ ಬಳೆ. ನಾನು ಬಳೆಯ ಮೇಲೆ ಸೆರಗು ಎಳೆದುಕೊಂಡೆ. ಅವರು ಸೆರಗು ನೋಡಿದರು, ಕೆಂಪು ಅಂಚು. ಒಬ್ಬ ಇನ್ನೊಬ್ಬನಿಗೆ, "ಮೊದ್ಲ ಹಸರ ತೋರಿಸಿ ಆಮ್ಯಾಲ ಕೆಂಪ ತೋರಿಸ್ಯಾಳಲೇ, ಅಂದ್ರ ಮುಂಜಾನಿ ಹಸರು, ಮಧ್ಯಾಹ್ನ ಕೆಂಪು" ಎಂದು ಅರ್ಥ ಬಿಡಿಸಿ ಹೇಳುತ್ತಿದ್ದುದು ನನ್ನ ಕಿವಿಗೇ ಬಿತ್ತು. ಕೆಂಪೂ ಬೇಡ ಹಸಿರೂ ಬೇಡವೆಂದು ಮರುದಿನ ಪೆಟ್ಟಿಗೆಯ ತಳದಿಂದ ನೇರಳೆ ಸೀರೆ ತೆಗೆದು ಉಟ್ಟು ಹೊರಗೆ ಬಂದೆ. ಹುಡುಗರು ಹೋ ಎಂದು ಕುಣಿದರು. ತಮ್ಮ ಆಟದಲ್ಲಿ ನೇರಳೆಯೂ ಒಂದು ಬಣ್ಣ, ಅದು ಬಂದರೆ ಎಲ್ಲಕ್ಕಿಂತ ಹೆಚ್ಚು ಸಿಗುತ್ತದೆ ಎಂದು ನನಗೆ ಯಾರು ಹೇಳಬೇಕು? ಒಬ್ಬ ಬಡ ಹೆಣ್ಣುಮಗಳು ಉಡಲು ಒಂದು ಬಣ್ಣವನ್ನಾದರೂ ತಾವು ಬಿಡಬಹುದಿತ್ತು.

ಆವತ್ತು ನೇರಳೆ ಬರಲಿಲ್ಲ. ಹನ್ನೊಂದು ಹುಡುಗರೂ ಇದ್ದಬದ್ದದ್ದನ್ನೆಲ್ಲ ಅದರ ಮೇಲೆ ಇಟ್ಟಿದ್ದರಂತೆ. ಮರುದಿನ ನನ್ನ ಕಟ್ಟೆಯ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಪೀಡೆ ತೊಲಗಿತು ಎಂದು ನಾನು ನಿರುಮ್ಮಳವಾಗಿ ಉಸಿರು ಬಿಟ್ಟೆ. ಅದು ನನ್ನ ಎರಡನೆಯ ತಪ್ಪು.

ಹದಿನೈದು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಶಮಶೇರಸಾಬರು ಗೋದಾಮಿನ ಬಾಗಿಲಲ್ಲಿ ಆಟೋ ನಿಲ್ಲಿಸಿ, ಹೆಂಡತಿಯನ್ನು ಕರೆಯದೆ ನನ್ನನ್ನು ಕರೆದರು. "ಅಕ್ಕಾ, ಬ್ಯಾಸರಾ ಮಾಡ್ಕೋಬ್ಯಾಡ. ನಿಮ್ಮ ಶಶಿ ಕಾಲೇಜಿಗೆ ಹೊಂಟಿಲ್ಲ. ನಾ ದಿನಾ ನೋಡಾಕತ್ತೇನಿ, ಪ್ಲಾಟ್‌ಫಾರ್ಮಿನ ಬೆಂಚಿನ ಮ್ಯಾಲ ಕುಂದರತಾನ, ಗಾಡಿ ಬರತೈತಿ, ಹೋಗತೈತಿ, ಇಂವ ಅಲ್ಲೇ" ಎಂದರು. ರೈಲಿನ ಪಾಸು ಮಾಡಿಸಲು ಕೊಟ್ಟ ಹಣ ನೇರಳೆಗೆ ಹೋಗಿತ್ತು. ಕೇಳಲು ನಾಚಿಕೆ, ಹೇಳಲು ಹೆದರಿಕೆ. ಆ ಬಾಯಿಬಡುಕ ಹುಡುಗ ನಾನು ಕಟ್ಟಿಕೊಟ್ಟ ರೊಟ್ಟಿಯ ಡಬ್ಬಿಯನ್ನು ಸ್ಟೇಷನ್ನಿನ ಬೆಂಚಿನ ಮೇಲೆ ಒಬ್ಬನೇ ಬಿಚ್ಚಿ ಉಂಡು, ಸಂಜೆಯ ಗಾಡಿ ಬಂದು ಜನ ಇಳಿದಾಗ ಅವರ ಜೊತೆ ನಡೆದುಕೊಂಡು ಮನೆಗೆ ಬರುತ್ತಿದ್ದ. ಹನ್ನೆರಡು ದಿನ. ನಮ್ಮ ಮನೆಯಿಂದ ಸ್ಟೇಷನ್ನಿಗೆ ನಾನೂರು ಹೆಜ್ಜೆ. ಮಾನ್ಯರೇ, ಇಲ್ಲಿ ನಾಲ್ಕು ಸಾಲು ಬರೆದು ಹೊಡೆದು ಹಾಕಿದ್ದೇನೆ. ನಮ್ಮ ಗುರುಗಳು ಓದಬಾರದಂಥ ಮಾತುಗಳು ಅವುಗಳಲ್ಲಿದ್ದವು.

ನಮ್ಮ ಮನೆಯವರು ಅವನಿಗೆ ಹೊಡೆಯಲಿಲ್ಲ. ಹೊಸ ಪಾಸು ಮಾಡಿಸಿ ಕೈಯಲ್ಲಿ ಕೊಟ್ಟು, "ಗಾಡ್ಯಾಗ ಕುಂತ ಹೋಗು, ಬೆಂಚ ನಿನಗ ಹೊಂದೂದಿಲ್ಲ" ಎಂದರು. ಈಗ ಹುಡುಗ ಕಾಲೇಜಿಗೆ ಹೋಗುತ್ತಿದ್ದಾನೆ. ಮಾತು ಮಾತ್ರ ಬಂದಿಲ್ಲ.

ತಮ್ಮ ಕಡೆಯೂ ವಿಚಾರಿಸಬೇಕಲ್ಲವೇ? ಫಿರೋಜ್ ಎಲ್ಲರಿಗಿಂತ ಮೊದಲು ತಪ್ಪು ಒಪ್ಪಿಕೊಂಡವನು, ಯಾಕೆಂದರೆ ಅವನ ತಾಯಿಯ ಕೈ ನನ್ನ ಕೈಗಿಂತ ಚುರುಕು. ಅವನು ತನ್ನ ಮೊಬೈಲಿನಲ್ಲಿ ತಮ್ಮ ಸಹಾಯವಾಣಿ ತೆರೆದುಕೊಟ್ಟ. ಅಲ್ಲಿ ಪ್ರಿಯಾ ಎಂಬ ಹೆಣ್ಣುಮಗಳು ಇದ್ದಳು. ನಮಸ್ಕಾರ, ನಾನು ಪ್ರಿಯಾ, ಹೇಗೆ ಸಹಾಯ ಮಾಡಲಿ ಎಂದು ಬರೆದಳು. ನಮ್ಮ ಹುಡುಗ ಮಾತಾಡುವುದಿಲ್ಲ ತಾಯಿ ಎಂದು ನಾನು ಬರೆಸಿದೆ. ನಿಮ್ಮ ಸಮಸ್ಯೆ ನಮಗೆ ಅರ್ಥವಾಗಿದೆ, ಮೂರು ಸುತ್ತು ಉಚಿತವಾಗಿ ಆಡಿ ಎಂದಳು. ಊಟವಾಯಿತೇ ಎಂದು ಕೇಳಿದೆ. ಮತ್ತೆ ಮೂರು ಸುತ್ತು ಕೊಟ್ಟಳು. ನಿಮ್ಮ ತಾಯಿ ಎಲ್ಲಿರುತ್ತಾರೆ ಎಂದು ಕೇಳಿದೆ. ಕ್ಷಮಿಸಿ, ಈ ಸೌಲಭ್ಯ ಲಭ್ಯವಿಲ್ಲ ಎಂದಳು. "ಅದು ಹುಡುಗಿ ಅಲ್ಲ ದೊಡ್ಡವ್ವಾ, ಮಷೀನ್" ಎಂದು ಫಿರೋಜ್ ಹೇಳಿದ ಮೇಲೂ ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ತಾಯಿ ಇಲ್ಲದವಳು, ಹೇಳಿಕೊಟ್ಟದ್ದನ್ನು ಹೇಳುತ್ತಾಳೆ. ಹೇಳಿಕೊಟ್ಟವರು ತಾವು.

ಕೊನೆಗೆ ನಾನೂ ಜುಬೇದಾಳೂ ನಮಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಉಪಯೋಗಿಸಿದೆವು. ಮಾಲಕರನ್ನು ಕೇಳಿ, ಒಂದು ರವಿವಾರ ಹನ್ನೊಂದು ಹುಡುಗರನ್ನೂ ಗೋದಾಮಿಗೆ ಕರೆದು, ರಾಶಿಯ ಸುತ್ತ ಕೂಡಿಸಿ, ತುಂಬು ಬಿಡಿಸಿರಿ ಎಂದೆವು. ನಿಮಗೆ ಕೆಂಪು ಬೇಕಿತ್ತಲ್ಲ, ಇಷ್ಟು ಕೆಂಪು ಯಾವ ಮೊಬೈಲಿನಲ್ಲೂ ಸಿಗುವುದಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಅರ್ಧ ತಾಸಿನಲ್ಲಿ ಗೋದಾಮಿನ ತುಂಬ ಸೀನು. ಒಂದು ತಾಸಿಗೆ ಫಿರೋಜ್ ಮರೆತು ಕಿಸೆಯಿಂದ ಮೊಬೈಲ್ ತೆಗೆದ. ಹೆಬ್ಬೆಟ್ಟಿಗೆ ಕಾಯಿಯ ಪುಡಿ ಮೆತ್ತಿ ಮೊಬೈಲ್ ಅವನ ಗುರುತೇ ಹಿಡಿಯಲಿಲ್ಲ. ನಮ್ಮ ಹೆಣ್ಣುಮಕ್ಕಳ ಬೆರಳನ್ನು ರೇಷನ್ ಅಂಗಡಿಯ ಯಂತ್ರ ಎಷ್ಟು ಸಲ ಒಲ್ಲೆ ಎಂದಿದೆ, ಅದೇ ರೋಗ. ಅವನು ಬೆವರು ಒರೆಸಿಕೊಳ್ಳಲು ಹೋಗಿ ಅದೇ ಕೈಯಿಂದ ಕಣ್ಣು ಉಜ್ಜಿಕೊಂಡ. ಕುಣಿದ ಕುಣಿತವನ್ನು ಏನೆಂದು ಬರೆಯಲಿ! ಜುಬೇದಾ ನೀರು ತರುತ್ತ ತರುತ್ತಲೇ, "ಈಗ ಹೇಳೋ ಮಗನ, ಕೆಂಪೋ ಹಸರೋ? ಎರಡೂ ಕಣ್ಣಾಗ ಕೆಂಪ ಬಂದೈತಿ ನೋಡು, ಡಬಲ್ ಗೆದ್ದಿ" ಎಂದಳು. ಗೋದಾಮಿಗೆ ಗೋದಾಮೇ ನಕ್ಕಿತು. ಶಶಿಯೂ ನಕ್ಕ. ನಕ್ಕನೇ ಹೊರತು ಮಾತಾಡಲಿಲ್ಲ. ಸಂಜೆಯವರೆಗೆ ತಲೆ ತಗ್ಗಿಸಿ ನಾಲ್ಕು ಕಿಲೋ ಬಿಡಿಸಿದ. ಹೊಸಬನಿಗೆ ನಾಲ್ಕು ಕಿಲೋ ಕಡಿಮೆಯೇನಲ್ಲ.

ಇಷ್ಟು ಹೇಳಿ, ಈಗ ನನ್ನ ನಮ್ರ ವಿನಂತಿಗಳನ್ನು ತಮ್ಮ ಮುಂದೆ ಇಡುತ್ತೇನೆ.

ತಮ್ಮ ಆಟಕ್ಕೆ ಸೇರುವ ಮೊದಲು, ನಿಮಗೆ ಹದಿನೆಂಟು ತುಂಬಿದೆಯೇ ಎಂದು ಒಂದು ಪ್ರಶ್ನೆ ಬರುತ್ತದೆ, ಹೌದು ಎಂದು ಒತ್ತಿದರೆ ತುಂಬಿಬಿಡುತ್ತದೆ. ತಹಶೀಲ್ದಾರರಿಂದ ಆಗದ್ದು, ಶಾಲೆಯ ದಾಖಲೆಯಿಂದ ಆಗದ್ದು, ತಮ್ಮ ಒಂದು ಗುಂಡಿಯಿಂದ ಆಗುತ್ತದೆ. ಇಂಥ ವಿದ್ಯೆಯನ್ನು ಮಕ್ಕಳ ಮೇಲಷ್ಟೇ ಯಾಕೆ ಖರ್ಚು ಮಾಡುತ್ತೀರಿ? ನನಗೂ ಒಂದು ಗುಂಡಿ ಕೊಡಿರಿ. ನಿಮ್ಮ ಮೊಣಕಾಲು ನೋವು ಹೋಗಿದೆಯೇ ಎಂದು ಕೇಳಿರಿ, ನಾನು ಹೌದು ಎಂದು ಒತ್ತುತ್ತೇನೆ. ಜುಬೇದಾಳ ಮನೆಯ ಮಾಳಿಗೆ ಸೋರುವುದು ನಿಂತಿದೆಯೇ ಎಂದು ಕೇಳಿರಿ, ಅವಳೂ ಒತ್ತುತ್ತಾಳೆ. ಇಂಥ ಆಟಗಳನ್ನು ಸರ್ಕಾರ ಬಂದ್ ಮಾಡಿದೆ ಎಂದು ಯೂಸುಫಸಾಬರು ಪೇಪರಿನಲ್ಲಿ ಓದಿ ಹೇಳಿದರು. ಆದರೆ ಮುಂಬಾಗಿಲು ಹಾಕಿದರೆ ತಾವು ಹಿತ್ತಲ ಬಾಗಿಲಿನಿಂದ, 'ಬಣ್ಣದ ಭಾಗ್ಯ ಎರಡು', 'ಹೊಸ ಬಣ್ಣದ ಭಾಗ್ಯ', 'ಖರೇ ಬಣ್ಣದ ಭಾಗ್ಯ' ಎಂದು ವಾರಕ್ಕೊಂದು ಹೆಸರಿನಿಂದ ಬರುತ್ತಲೇ ಇದ್ದೀರಿ. ಹಾವೇರಿಯಲ್ಲಿರುವ ನನ್ನ ತಂಗಿಯ ಓಣಿಯಲ್ಲಿ ತಮ್ಮ ಹೆಸರು ಇನ್ನೂ ಬೇರೆಯಂತೆ. ಕರೆಯದೆ ಇಷ್ಟು ಸಲ ಬರುವ ಬೀಗರು ನಮಗೆ ಇನ್ನೊಬ್ಬರಿಲ್ಲ.

ಇಷ್ಟು ಬರುವವರು ಒಮ್ಮೆ ಮುಖ ತೋರಿಸಿ ಬರಬೇಕು ಎಂಬುದು ನನ್ನ ಮುಖ್ಯ ಕೋರಿಕೆ. ಸೋಮವಾರ ಅಥವಾ ಗುರುವಾರ ಬಂದರೆ ನಿಜವಾದ ಟೆಂಡರ್ ಹೇಗಿರುತ್ತದೆಂದು ನಮ್ಮ ಮನೆಯವರು ತೋರಿಸುತ್ತಾರೆ. ಇಲ್ಲಿ ಎರಡು ಚೀಲ ತಂದ ರೈತನ ಹೆಸರೂ ಚೀಟಿಯ ಮೇಲೆ ಇರುತ್ತದೆ, ಯಾವ ಅಂಗಡಿ ಎಂಬುದೂ ಇರುತ್ತದೆ. ಕೊಳ್ಳುವವರು ಚೀಲದೊಳಗೆ ಮೊಳಕೈವರೆಗೆ ಕೈ ಹಾಕುತ್ತಾರೆ, ಕಾಯಿ ಮುರಿದು ಬೀಜ ನೋಡುತ್ತಾರೆ, ಮೂಸಿ ನೋಡುತ್ತಾರೆ, ಆಮೇಲೆ ಬರೆಯುತ್ತಾರೆ. ತಮ್ಮ ಟೆಂಡರಿನಲ್ಲಿ ಚೀಲ ಇಲ್ಲ, ಕಾಯಿ ಇಲ್ಲ, ಹೆಸರು ಇಲ್ಲ. ಆದರೂ ದಿನಕ್ಕೆ ಸಾವಿರ ಸಲ ತೂಕ ಆಗುತ್ತದೆ, ತಕ್ಕಡಿ ಯಾವಾಗಲೂ ತಮ್ಮ ಕಡೆಗೇ ಇಳಿಯುತ್ತದೆ. ಇಷ್ಟು ಹಗುರ ಮಾಲಿಗೆ ಇಷ್ಟು ಭಾರ ಬರುವ ಗುಟ್ಟನ್ನು ತಾವು ನಮ್ಮ ರೈತರಿಗೆ ಹೇಳಿಕೊಟ್ಟರೆ, ಮೇಡ್ಲೇರಿಯಿಂದ ಹಿಡಿದು ಈ ಕಡೆಯ ಊರುಗಳೆಲ್ಲ ಸೇರಿ ತಮಗೆ ಸತ್ಕಾರ ಮಾಡುತ್ತವೆ. ನಮ್ಮಂತೆ ರವಿವಾರ ಬಾಗಿಲು ಹಾಕುವುದನ್ನಾದರೂ ಕಲಿಯಿರಿ. ಮತ್ತು ನಾನು ಪೂಜೆಯಿಂದ ಎದ್ದು ಹೇಳಿದ ಕೆಂಪುಗಳಿವೆಯಲ್ಲ, ಅವನ್ನು ತಮ್ಮ ಲೆಕ್ಕದಿಂದ ತೆಗೆದುಹಾಕಬೇಕು. ಅವು ಶಿವನ ಹೆಸರಿನಲ್ಲಿ ತಪ್ಪಿ ಬಂದವು. ಅದಕ್ಕೆ ನಾನು ಅವನ ಮುಂದೆ ಕಿವಿ ಹಿಡಿದುಕೊಂಡಿದ್ದೇನೆ. ತಾವು ಯಾರ ಮುಂದೆ ಹಿಡಿದುಕೊಳ್ಳುತ್ತೀರೋ ತಮಗೆ ಬಿಟ್ಟದ್ದು.

ಬಂದರೆ ಊಟಕ್ಕೆ ನಮ್ಮ ಮನೆಯಲ್ಲೇ ಇಳಿಯಬೇಕು. ರೊಟ್ಟಿ, ಬದನೆಕಾಯಿ ಪಲ್ಲೆ, ಕೆಂಪು ಚಟ್ನಿ ಮಾಡಿ ಬಡಿಸುತ್ತೇನೆ. ಎಷ್ಟು ಉಂಡರೂ ಸುತ್ತಿನ ಲೆಕ್ಕ ಇಲ್ಲ. ಉಂಡ ಮೇಲೆ ಗೋದಾಮಿನಲ್ಲಿ ಒಂದು ತಾಸು ನಮ್ಮ ಜೊತೆ ಕುಳಿತುಕೊಳ್ಳಿರಿ, ಪ್ರಿಯಾಳನ್ನೂ ಕರೆತನ್ನಿರಿ; ಪಾಪ, ಅವಳಿಗೂ ನಾಲ್ಕು ಜನ ಹೆಣ್ಣುಮಕ್ಕಳ ಮಾತು ಕಿವಿಗೆ ಬೀಳಲಿ.

ಸಣ್ಣವಳ ದೊಡ್ಡ ಮಾತನ್ನು ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು. ಇಲ್ಲಿಯವರೆಗೆ ತಾವು ಹಾಕಿಕೊಂಡದ್ದರ ಮುಂದೆ ಇದು ಬಹಳ ಸಣ್ಣದು.

ಇಂತಿ, ಮಾತಿಗಾಗಿ ಕಾಯುತ್ತಿರುವ
ತಮ್ಮ ವಿಶ್ವಾಸಿ,
ಪ್ರೇಮವ್ವ, ಸೋಮಣ್ಣನವರ ಮನೆಯಾಕೆ
ಬ್ಯಾಡಗಿ

ತಾ.ಕ.: ಸಹಿ ಮಾಡಿ ಪತ್ರ ಮಡಚುವಷ್ಟರಲ್ಲಿ ಶಶಿ ಕಾಲೇಜಿನಿಂದ ಬಂದ. ಬೂಟು ಬಿಚ್ಚದೆ ಒಳಗೆ ಬಂದು, ಮೊಬೈಲನ್ನು ಅಂಗಾತ ನನ್ನ ಕೈಯಲ್ಲಿ ಇಟ್ಟು, "ಯವ್ವಾ, ಇಲ್ಲಿ ನೋಡಬೇ, ತಗದ ಹಾಕಿದ್ರೂ ಮತ್ತ ಕರಿಯಾಕತ್ತಾರ" ಎಂದ. ತಮ್ಮ ಸಂದೇಶ ಬಂದಿತ್ತು: ಪ್ರೀತಿಯ ಆಟಗಾರರೇ, ನೀವಿಲ್ಲದೆ ನಮಗೆ ಬೇಸರವಾಗಿದೆ, ನಿಮಗಾಗಿ ಐವತ್ತು ರೂಪಾಯಿ ಕಾದಿದೆ. ಅದನ್ನು ತೋರಿಸಿದವನು ಅಲ್ಲಿಗೆ ನಿಲ್ಲಿಸಲಿಲ್ಲ; ಇವತ್ತು ಗಾಡಿ ನಲವತ್ತು ನಿಮಿಷ ತಡ, ಅರ್ಥಶಾಸ್ತ್ರದ ಮಾಸ್ತರರಿಗೆ ಗಂಟಲು ಕಟ್ಟಿದೆ, ಫಿರೋಜ್ ಡಬ್ಬಿ ಮರೆತು ಬಂದು ಇವನ ಎರಡು ರೊಟ್ಟಿ ತಿಂದ, ಎಂದು ಶುರು ಮಾಡಿದವನು ಇದನ್ನು ಬರೆಯುವಾಗಲೂ ತಲೆಯ ಮೇಲೆ ನಿಂತು ಒದರುತ್ತಲೇ ಇದ್ದಾನೆ, ಬರೆಯಲು ಬಿಡುತ್ತಿಲ್ಲ. ಆದ್ದರಿಂದ ನನ್ನ ತಕರಾರಿನಲ್ಲಿ ಹನ್ನೊಂದರಲ್ಲಿ ಒಂದು ಪಾಲನ್ನು ಹಿಂದೆಗೆದುಕೊಂಡಿದ್ದೇನೆ. ಉಳಿದ ಹತ್ತು ಮನೆಯ ತಾಯಂದಿರು ಬೇರೆ ಬೇರೆ ಬರೆಯುತ್ತಾರೆ, ಅವರು ನನ್ನಷ್ಟು ಮರ್ಯಾದೆಯವರಲ್ಲ. ತಮ್ಮ ಐವತ್ತು ರೂಪಾಯಿಯನ್ನು ತಾವೇ ಇಟ್ಟುಕೊಳ್ಳಿರಿ. ತಮಗೂ ಮಕ್ಕಳಿದ್ದರೆ ಅದನ್ನು ಅವರ ಕೈಯಲ್ಲಿ ಕೊಟ್ಟು, ತಮ್ಮ ಆಟವನ್ನು ತೆರೆದುಕೊಟ್ಟು, ಬಗಲಲ್ಲಿ ಕುಳಿತು ನೋಡಿರಿ. ಎಷ್ಟು ಹೊತ್ತು ಕುಳಿತಿರಿ ಎಂದು ನನಗೊಂದು ಪತ್ರ ಬರೆಯಿರಿ.